ಕುತ್ತಿಗೆಯಿಂದ ಹತ್ತುವ ತಲೆನೋವು: ಲಟಿಕೆ ತೆಗೆಸುವ ಮೊದಲು

ಚನ್ನಗಿರಿ, ಹೊನ್ನಾಳಿ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ದೋಟಿ ಹಿಡಿದವರು ಬೆಳಗಿನಿಂದ ಸಂಜೆವರೆಗೆ ಕತ್ತು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಿರುತ್ತಾರೆ. ಅದೇ ಅಡಿಕೆ ಅಂಗಳಕ್ಕೆ ಬಂದಮೇಲೆ ಸುಲಿಯುವವರು ಗಂಟೆಗಟ್ಟಲೆ ಕತ್ತು ಬಗ್ಗಿಸಿ ಕೂರುತ್ತಾರೆ. ಮೊಳಕಾಲ್ಮೂರಿನ ಮಗ್ಗದವರು, ದಾವಣಗೆರೆಯ ಟೈಲರ್‌ಗಳು, ರೋಗಿಯ ಬಾಯೊಳಗೆ ಬಗ್ಗಿ ಬಗ್ಗಿ ನೋಡುವ ದಂತವೈದ್ಯ ವಿದ್ಯಾರ್ಥಿಗಳು, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮೂಟೆ ಹೊರುವ ಹಮಾಲರು, ಹೆದ್ದಾರಿಯ ಲಾರಿ ಚಾಲಕರು ಎಲ್ಲರದ್ದೂ ಕತ್ತಿಗೆ ಬಿಡುವಿಲ್ಲದ ಕೆಲಸವೇ. ಇಂಥವರಲ್ಲಿ ಕೆಲವರ ದೂರು ಒಂದೇ ಥರ ಇರುತ್ತದೆ: ಕತ್ತಿನ ಹಿಂದೆ ಹಿಡಿದುಕೊಳ್ಳುತ್ತದೆ, ಅಲ್ಲಿಂದ ಹಿಂದಲೆಗೆ ಹತ್ತಿ, ಒಂದು ಕಣ್ಣಿನ ಮೇಲೆ ಬಂದು ಕೂರುತ್ತದೆ. ಮೆಡಿಕಲ್ ಶಾಪಿನ ಮಾತ್ರೆಗೆ ಎರಡು ತಾಸು ಕಡಿಮೆಯಾಗಿ ಮತ್ತೆ ಶುರು. ಕನ್ನಡಕ ಬದಲಾಗಿರುತ್ತದೆ, ಸೈನಸ್ ಇರಬಹುದೆಂದು ಆವಿ ಹಿಡಿದೂ ಆಗಿರುತ್ತದೆ. ನೋವು ಮಾತ್ರ ಹಾಗೇ ಇರುತ್ತದೆ.

ಈ ತಲೆನೋವಿಗೆ ಸರ್ವಿಕೋಜೆನಿಕ್ ಹೆಡೇಕ್, ಅಂದರೆ ಕತ್ತಿನಿಂದ ಹುಟ್ಟುವ ತಲೆನೋವು ಎಂಬ ಹೆಸರು ಕೊಟ್ಟು ಪ್ರತ್ಯೇಕವಾಗಿ ಗುರುತಿಸಿದವರು ನಾರ್ವೆಯ ನರರೋಗ ತಜ್ಞ ಒಟ್ಟಾರ್ ಸ್ಯೋಸ್ತಾದ್, 1983ರಲ್ಲಿ. ಇವತ್ತು ಅಂತರರಾಷ್ಟ್ರೀಯ ತಲೆನೋವಿನ ವರ್ಗೀಕರಣದಲ್ಲಿ ಅದಕ್ಕೆ ತನ್ನದೇ ಜಾಗ ಇದೆ. ಕೈಯಿಂದ ಮಾಡುವ ಚಿಕಿತ್ಸೆಗೆ ಒಗ್ಗುವ ಕೆಲವೇ ತಲೆನೋವುಗಳಲ್ಲಿ ಇದೂ ಒಂದು. ಹಾಗಾಗಿಯೇ ಬೆನ್ನು, ಕತ್ತಿನ ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟಿಕ್ ಪದ್ಧತಿಯ ಹೆಸರು ಇದರ ಜೊತೆ ಮತ್ತೆ ಮತ್ತೆ ಕೇಳಿಬರುತ್ತದೆ. ಮೊಬೈಲಿನಲ್ಲಿ ಕತ್ತು ತಿರುವಿ ಲಟಕ್ಕನೆ ಸದ್ದು ಮಾಡಿಸುವ ವಿಡಿಯೋಗಳನ್ನು ಎಲ್ಲರೂ ನೋಡಿದ್ದಾರೆ. ಆ ವಿಡಿಯೋದಲ್ಲಿ ಕಾಣುವ ಎರಡು ಸೆಕೆಂಡು ಚಿಕಿತ್ಸೆಯ ತೀರಾ ಸಣ್ಣ ಭಾಗ. ಅದಿಲ್ಲದೆಯೂ ಚಿಕಿತ್ಸೆ ನಡೆಯುತ್ತದೆ. ಅದಕ್ಕಿಂತ ಮುಂಚೆ ನಡೆಯಬೇಕಾದ ಪರೀಕ್ಷೆ ಇಲ್ಲದೆ ಮಾತ್ರ ಚಿಕಿತ್ಸೆ ನಡೆಯಬಾರದು.

ನೋವಿನ ಬೇರು ಕತ್ತಿನಲ್ಲಿ, ನೋಯುವುದು ಹಣೆ

ಕತ್ತಿನಲ್ಲಿ ಏಳು ಮೂಳೆಗಳಿವೆ. ಈ ತಲೆನೋವಿನ ಮಟ್ಟಿಗೆ ಲೆಕ್ಕಕ್ಕೆ ಬರುವುದು ಮೇಲಿನ ಮೂರು. ಮೊದಲನೆಯದು ಅಟ್ಲಾಸ್. ತಲೆಬುರುಡೆ ಕೂತಿರುವುದು ಇದರ ಮೇಲೆ, ಹೌದೆಂದು ತಲೆ ಆಡಿಸುವಾಗ ದುಡಿಯುವ ಕೀಲು ಇದೇ. ಎರಡನೆಯದು ಆಕ್ಸಿಸ್. ಇಲ್ಲವೆಂದು ತಲೆ ಅಲ್ಲಾಡಿಸುವಾಗ ಅಟ್ಲಾಸ್ ಇದರ ಸುತ್ತ ತಿರುಗುತ್ತದೆ. ಇಡೀ ಕತ್ತಿನ ತಿರುಗುವಿಕೆಯಲ್ಲಿ ಹೆಚ್ಚುಕಮ್ಮಿ ಅರ್ಧ ಈ ಒಂದೇ ಕೀಲಿನದು. ಈ ಎರಡು ಕಡೆ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ ಇರುವುದಿಲ್ಲ. ಎರಡನೆಯ ಮತ್ತು ಮೂರನೆಯ ಮೂಳೆಗಳ ನಡುವೆ ಮೊದಲ ಡಿಸ್ಕ್ ಸಿಗುತ್ತದೆ, ಹಿಂಬದಿಯಲ್ಲಿ ಎಡಬಲಕ್ಕೆ ಒಂದೊಂದು ಪುಟ್ಟ ಕೀಲು. ಕತ್ತಿನಿಂದ ಹುಟ್ಟುವ ತಲೆನೋವಿಗೆ ಹೆಚ್ಚಾಗಿ ಕಾರಣವಾಗುವುದು ಈ 2-3ರ ಕೀಲು, ಅದರ ನಂತರ ಅಟ್ಲಾಸ್-ಆಕ್ಸಿಸ್ ಕೀಲು. ಇವುಗಳ ಮೇಲೆ, ಹಿಂದಲೆಯ ಬುಡದಲ್ಲಿ, ಪುಟ್ಟ ಪುಟ್ಟ ಸ್ನಾಯುಗಳ ಗುಂಪೊಂದಿದೆ. ತಲೆ ಮುಂದಕ್ಕೆ ಜೋತು, ಗಲ್ಲ ಮೇಲಕ್ಕೆತ್ತಿದ ಭಂಗಿಯಲ್ಲಿ ಫೋನ್ ನೋಡುವಾಗ, ಬೈಕ್ ಓಡಿಸುವಾಗ ಈ ಸ್ನಾಯುಗಳು ಬಿಡುವಿಲ್ಲದೆ ಬಿಗಿದಿರುತ್ತವೆ.

ಕತ್ತಿನ ಕೀಲು ಕೆಟ್ಟರೆ ಕಣ್ಣಿನ ಮೇಲೆ ಯಾಕೆ ನೋಯಬೇಕು? ಕತ್ತಿನ ಮೇಲಿನ ಮೂರು ನರಗಳು ನೋವಿನ ಸುದ್ದಿಯನ್ನು ಬೆನ್ನುಹುರಿಯ ಮೇಲ್ತುದಿಗೆ ಒಯ್ಯುತ್ತವೆ. ಹಣೆ, ಕಣ್ಣಿನ ಸುತ್ತ, ಕಪಾಲದ ನೋವನ್ನು ಒಯ್ಯುವ ಟ್ರೈಜೆಮಿನಲ್ ನರದ ಎಳೆಗಳೂ ಕೆಳಗಿಳಿದು ಅದೇ ಜಾಗಕ್ಕೆ ಸೇರುತ್ತವೆ. ಅಲ್ಲಿಂದ ಮಿದುಳಿಗೆ ಹೋಗುವ ದಾರಿ ಒಂದೇ. ಎರಡು ಹಳ್ಳದ ನೀರು ಒಂದೇ ಕೆರೆಗೆ ಬಂದು ಸೇರಿದ ಮೇಲೆ ಕೋಡಿಯಲ್ಲಿ ನಿಂತವನಿಗೆ ಯಾವುದು ಯಾವ ಹಳ್ಳದ್ದೆಂದು ತಿಳಿಯುವುದಿಲ್ಲವಲ್ಲ, ಮಿದುಳಿನ ಪಾಡೂ ಅಷ್ಟೇ. ಕತ್ತಿನಿಂದ ಬಂದ ನೋವನ್ನು ಅದು ಹಣೆಯದೆಂದು ಓದಿಕೊಳ್ಳುತ್ತದೆ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಎಕ್ಸ್‌ರೇ ಅಥವಾ ಎಂಆರ್‌ಐ ವರದಿಯಲ್ಲಿ "ಸಿ5-ಸಿ6 ಸವೆದಿದೆ, ಸ್ಪಾಂಡಿಲೋಸಿಸ್" ಎಂದು ಬರೆದಿರುವುದನ್ನು ತೋರಿಸಿ, ತಲೆನೋವಿಗೆ ಇದೇ ಕಾರಣ ಎನ್ನುವವರು ಬಹಳ. ಐದು-ಆರನೆಯ ಮೂಳೆಯ ತೊಂದರೆ ಸಾಮಾನ್ಯವಾಗಿ ಹೆಗಲಿಗೆ, ತೋಳಿಗೆ, ಬೆರಳಿಗೆ ಇಳಿಯುತ್ತದೆ. ತಲೆನೋವಿನ ನರಗಳು ಅದಕ್ಕಿಂತ ಮೇಲಿನವು. ಅಲ್ಲದೆ ನಲವತ್ತು ದಾಟಿದವರಲ್ಲಿ ಯಾವ ನೋವೂ ಇಲ್ಲದ ಎಷ್ಟೋ ಜನರ ಚಿತ್ರದಲ್ಲಿ ಇಂಥ ಸವಕಲು ಕಾಣುತ್ತದೆ. ಸವೆತದ ವರದಿಯೊಂದನ್ನೇ ಹಿಡಿದು ತಿಂಗಳುಗಟ್ಟಲೆ ಕತ್ತಿಗೆ ಪಟ್ಟಿ ಕಟ್ಟಿಕೊಂಡವರ ಸ್ನಾಯು ಇನ್ನಷ್ಟು ದುರ್ಬಲವಾಗುತ್ತದೆ ವಿನಾ ತಲೆನೋವು ಹೋಗುವುದಿಲ್ಲ.

ಇದು ಕತ್ತಿನದೇ ಎಂದು ಹೇಳುವುದು ಹೇಗೆ

ಕತ್ತಿನ ತಲೆನೋವು ಸಾಮಾನ್ಯವಾಗಿ ಒಂದೇ ಬದಿಯದು, ಪ್ರತಿ ಸಲವೂ ಅದೇ ಬದಿ. ಇವತ್ತು ಎಡ, ಮುಂದಿನ ವಾರ ಬಲ ಎಂದಾದರೆ ಅರ್ಧ ತಲೆನೋವು, ಅಂದರೆ ಮೈಗ್ರೇನ್ ಕಡೆ ಯೋಚನೆ ಹೋಗಬೇಕು. ಕತ್ತಿನದು ಹಿಂದಿನಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ಕತ್ತು ತಿರುಗಿಸಿದರೆ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂತರೆ ಹೆಚ್ಚುತ್ತದೆ. ಮೊಂಡಾಗಿ ಹಿಡಿದಂತಿರುತ್ತದೆ, ಟಕ್ ಟಕ್ ಎಂದು ಮಿಡಿಯುವುದು ಕಡಿಮೆ. ಕೆಲವು ತಾಸಿನಿಂದ ಕೆಲವು ದಿನದವರೆಗೂ ಇರಬಹುದು.

ಮೈಗ್ರೇನ್ ನೋವು ಚಿಕಿತ್ಸೆ ಇಲ್ಲದಿದ್ದರೆ 4ರಿಂದ 72 ತಾಸು ಇರುತ್ತದೆ, ಮಿಡಿಯುತ್ತದೆ, ಮೆಟ್ಟಿಲು ಹತ್ತಿದರೆ ಜೋರಾಗುತ್ತದೆ. ಬೆಳಕು, ಸದ್ದು ಬೇಡವೆನಿಸುತ್ತದೆ, ವಾಂತಿ ಬಂದಂತಾಗುತ್ತದೆ. ಇಲ್ಲಿ ಒಂದು ಕಡೆ ಅನುಭವಿಗಳೂ ಎಡವುತ್ತಾರೆ: ಮೈಗ್ರೇನ್ ಬಂದವರಲ್ಲಿ ಬಹಳ ಜನಕ್ಕೆ ಕತ್ತೂ ನೋಯುತ್ತದೆ, ಹೆಗಲೂ ಬಿಗಿಯುತ್ತದೆ. ಮೊದಲು ಹೇಳಿದ ಕೆರೆ ಇಲ್ಲೂ ಅದೇ, ನೀರು ಎರಡೂ ಕಡೆಯಿಂದ ಬೆರೆಯುತ್ತದೆ. ಆದ್ದರಿಂದ ಕತ್ತು ನೋಯುತ್ತದೆ ಎನ್ನುವುದಷ್ಟೇ ಸಾಕ್ಷಿಯಾಗದು. ಕತ್ತಿನ ಕೀಲಿನಲ್ಲಿ ನಿಜವಾದ ಬಿಗಿತ ಇದೆಯೇ, ಅದನ್ನು ಒತ್ತಿದರೆ ರೋಗಿಗೆ ಪರಿಚಯವಿರುವ ಅದೇ ತಲೆನೋವು ಎದ್ದು ಬರುತ್ತದೆಯೇ ಎಂದು ನೋಡಬೇಕು.

ಇದಕ್ಕೆ ಇರುವ ಒಳ್ಳೆಯ ಪರೀಕ್ಷೆಯೊಂದನ್ನು ವಿವರವಾಗಿ ಹೇಳುವುದು ಒಳಿತು, ಯಾಕೆಂದರೆ ಇದನ್ನು ಮಾಡದೆ ಕತ್ತು ತಿರುವಲು ಬರುವವರಿಂದ ದೂರ ಇರಬಹುದು. ರೋಗಿ ಅಂಗಾತ ಮಲಗುತ್ತಾರೆ. ಪರೀಕ್ಷಿಸುವವರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗಲ್ಲ ಎದೆಗೆ ತಾಗುವಷ್ಟು ಪೂರ್ತಿ ಬಗ್ಗಿಸುತ್ತಾರೆ. ಹೀಗೆ ಬಗ್ಗಿದಾಗ ಕೆಳಗಿನ ಕೀಲುಗಳೆಲ್ಲ ಬಿಗಿದು ನಿಲ್ಲುತ್ತವೆ, ತಿರುಗಲು ಉಳಿಯುವುದು ಮುಖ್ಯವಾಗಿ ಅಟ್ಲಾಸ್-ಆಕ್ಸಿಸ್ ಒಂದೇ. ಆ ಬಗ್ಗಿದ ಸ್ಥಿತಿಯಲ್ಲೇ ತಲೆಯನ್ನು ನಿಧಾನವಾಗಿ ಎಡಕ್ಕೆ, ನಂತರ ಬಲಕ್ಕೆ ತಿರುಗಿಸುತ್ತಾರೆ. ಆರೋಗ್ಯವಂತರಲ್ಲಿ ಎರಡೂ ಬದಿ ಸುಮಾರು 44 ಡಿಗ್ರಿ ತಿರುಗುತ್ತದೆ. ಒಂದು ಬದಿಗೆ 32 ಡಿಗ್ರಿಯ ಆಸುಪಾಸಿನಲ್ಲೋ ಅದಕ್ಕೂ ಮುಂಚೆಯೋ ಗಟ್ಟಿಯಾಗಿ ನಿಂತರೆ ಆ ಕೀಲಿನ ಮೇಲೆ ಅನುಮಾನ ಬಲವಾಗುತ್ತದೆ. ತಪ್ಪಾಗುವುದು ಎಲ್ಲಿ ಎಂದರೆ, ಕತ್ತನ್ನು ಅರ್ಧ ಬಗ್ಗಿಸಿ ತಿರುಗಿಸಿದರೆ ಕೆಳಗಿನ ಕೀಲುಗಳೂ ತಿರುಗಿಬಿಡುತ್ತವೆ. ಆಗ ಬಿಗಿತ ಇದ್ದರೂ ಎಲ್ಲ ಸರಿಯಿದೆ ಎಂದು ಕಾಣುತ್ತದೆ. ನೋವು ತಾರಕಕ್ಕೇರಿದ ದಿನ ಮಾಡಿದರೆ ಸ್ನಾಯು ಬಿಗಿದು ಉಲ್ಟಾ ತಪ್ಪು: ಕೀಲು ಸರಿಯಿದ್ದರೂ ಬಿಗಿತ ಇದೆಯೆಂದು ಕಾಣುತ್ತದೆ. ಇದನ್ನು ಮನೆಯಲ್ಲಿ ಒಬ್ಬರಿಗೊಬ್ಬರು ಮಾಡಿಕೊಳ್ಳಬಾರದು.

ಜೊತೆಗೆ ಬಿಪಿ ನೋಡಬೇಕು, ಕಣ್ಣಿನ ಚಲನೆ, ಮುಖದ ಸ್ಪರ್ಶ, ನಾಲಿಗೆ, ಕೈಕಾಲಿನ ಬಲ, ನಡಿಗೆ ನೋಡಬೇಕು. ಬಿಪಿ ಪಟ್ಟಿ ಇಲ್ಲದ ಕ್ಲಿನಿಕ್ಕಿನಲ್ಲಿ ಕತ್ತು ಕೊಡಬೇಡಿ ಎನ್ನುವುದು ನಮ್ಮ ನೇರ ಮಾತು.

ಮಾತ್ರೆಯ ಲೆಕ್ಕವನ್ನೂ ಕೇಳಲೇಬೇಕು. ಪ್ಯಾರಾಸಿಟಮಾಲ್‌ನಂಥ ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧ ಬೆರೆತ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ಅಂಥವರ ಕತ್ತಿಗೆ ಎಷ್ಟು ಚಿಕಿತ್ಸೆ ಕೊಟ್ಟರೂ ಫಲ ಕಾಣದು. ಮೊದಲು ವೈದ್ಯರ ಸಲಹೆಯಲ್ಲಿ ಮಾತ್ರೆ ಬಿಡಿಸಬೇಕು.

ಕೈಯಿಂದ ಮಾಡುವುದು ಏನು

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಐಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿ, 1895ರಲ್ಲಿ, ಡೇನಿಯಲ್ ಡೇವಿಡ್ ಪಾಮರ್ ಕೈಯಲ್ಲಿ. ಬೆನ್ನುಮೂಳೆ ಜಾರಿ ನರ ಒತ್ತಿಕೊಳ್ಳುವುದೇ ಬಹುತೇಕ ರೋಗಗಳ ಮೂಲ ಎಂದು ಆತ ನಂಬಿದ್ದ. ಆ ನಂಬಿಕೆಗೆ ವೈಜ್ಞಾನಿಕ ಆಧಾರ ಸಿಕ್ಕಿಲ್ಲ. ಇವತ್ತಿನ ಜವಾಬ್ದಾರಿಯುತ ಕೈರೋಪ್ರಾಕ್ಟರ್‌ಗಳು ಬೆನ್ನು, ಕತ್ತು ಮತ್ತು ಅದಕ್ಕೆ ಸೇರಿದ ತಲೆನೋವಿಗೆ ತಮ್ಮ ಕೆಲಸವನ್ನು ಸೀಮಿತಗೊಳಿಸಿಕೊಂಡಿದ್ದಾರೆ. ಮೂಳೆ ಜಾಗ ಬಿಟ್ಟಿದೆ, ಕೂರಿಸುತ್ತೇನೆ, ಶುಗರ್ರೂ ಇಳಿಯುತ್ತದೆ ಎನ್ನುವವರು ಸಿಕ್ಕರೆ ಎದ್ದು ಬನ್ನಿ.

ಕೆಲಸದ ಬಗೆ ಎರಡು. ಒಂದು ಮೊಬಿಲೈಸೇಶನ್: ಬಿಗಿದ ಕೀಲಿನ ಮೇಲೆ ಹೆಬ್ಬೆರಳಿಟ್ಟು, ತಾಳಬದ್ಧವಾಗಿ, ಮೆಲ್ಲಗೆ ಒತ್ತಿ ಬಿಡುವುದು. ಒಂದು ಸುತ್ತು ಅರ್ಧದಿಂದ ಎರಡು ನಿಮಿಷ, ಅಂಥ ಎರಡು ಮೂರು ಸುತ್ತು. ರೋಗಿಗೆ ಬೇಡವೆನಿಸಿದ ಕ್ಷಣ ನಿಲ್ಲಿಸಬಹುದು. ಇನ್ನೊಂದು ಮ್ಯಾನಿಪುಲೇಶನ್: ಕೀಲನ್ನು ಅದರ ಬಿಗಿಯ ಅಂಚಿನವರೆಗೆ ತಂದು, ಅಲ್ಲಿ ಅತಿ ಚಿಕ್ಕ, ಅತಿ ವೇಗದ ಒಂದು ಎಳೆತ. ಶುರುವಾದ ಮೇಲೆ ನಿಲ್ಲಿಸಲಾಗದು. ಲಟಕ್ ಸದ್ದು ಬರುವುದು ಸಾಮಾನ್ಯವಾಗಿ ಇದರಲ್ಲಿ.

ಆ ಸದ್ದು ಮೂಳೆ ಕೂತದ್ದಲ್ಲ. ಕೀಲಿನ ಎರಡು ಮೈ ಥಟ್ಟನೆ ದೂರವಾದಾಗ ಒಳಗಿನ ದ್ರವದಲ್ಲಿ ಒತ್ತಡ ಇಳಿದು ಅನಿಲ ಹೊರಬರುತ್ತದೆ. ಬೆರಳಿನ ಲಟಿಕೆಯನ್ನು ಎಂಆರ್‌ಐ ಯಂತ್ರದೊಳಗೇ ಚಿತ್ರೀಕರಿಸಿದ ಕೆನಡಾದ ಸಂಶೋಧಕರು 2015ರಲ್ಲಿ ಇದನ್ನು ತೋರಿಸಿದ್ದಾರೆ. ಒಮ್ಮೆ ಸದ್ದು ಬಂದ ಕೀಲು ಮತ್ತೆ ಸದ್ದು ಮಾಡಲು ಸುಮಾರು ಇಪ್ಪತ್ತು ನಿಮಿಷ ಬೇಕು. ಸದ್ದು ಬಂದರೇ ವಾಸಿ, ಬರದಿದ್ದರೆ ಇಲ್ಲ ಎನ್ನುವುದಕ್ಕೆ ಆಧಾರವಿಲ್ಲ. ಸದ್ದಿಗಾಗಿ ಮತ್ತೆ ಮತ್ತೆ ತಿರುವುವವರ ಕೈಯಲ್ಲಿ ಅಪಾಯವೇ ಹೆಚ್ಚು. ನೋವು ಇಳಿಯುವುದಕ್ಕೆ ಕಾರಣ ಬೇರೆ: ಕೀಲಿನಿಂದ ಬರುವ ಚಲನೆಯ ಸುದ್ದಿ ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸುದ್ದಿಯನ್ನು ತಗ್ಗಿಸುತ್ತದೆ, ಸುತ್ತಲಿನ ಸ್ನಾಯುಗಳ ಬಿಗಿ ಸಡಿಲಾಗುತ್ತದೆ, ಕೀಲು ಸ್ವಲ್ಪ ಹೆಚ್ಚು ತಿರುಗುತ್ತದೆ. ಈ ಫಲ ಬಹುಮಟ್ಟಿಗೆ ತಾತ್ಕಾಲಿಕ. ಅದನ್ನು ಉಳಿಸಿಕೊಳ್ಳಲು ಸ್ನಾಯುವಿಗೆ ಕೆಲಸ ಕಲಿಸಬೇಕು.

ಪುರಾವೆ ಎಷ್ಟು? ಆಸ್ಟ್ರೇಲಿಯಾದಲ್ಲಿ ಗ್ವೆಂಡೊಲೆನ್ ಜಲ್ ಮತ್ತು ಸಂಗಡಿಗರು 200 ರೋಗಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಮುಖ್ಯ. ಕೈಚಿಕಿತ್ಸೆ ಪಡೆದವರಿಗೂ ವ್ಯಾಯಾಮ ಮಾಡಿದವರಿಗೂ ತಲೆನೋವು ಕಡಿಮೆಯಾಯಿತು, ಒಂದು ವರ್ಷದ ನಂತರವೂ ಆ ಫಲ ಉಳಿದಿತ್ತು. ಎರಡನ್ನೂ ಸೇರಿಸಿ ಕೊಟ್ಟ ಗುಂಪಿನಲ್ಲಿ ಸ್ವಲ್ಪ ಹೆಚ್ಚು ಜನಕ್ಕೆ ಗುಣ ಕಂಡಿತು. ಅಮೆರಿಕದಲ್ಲಿ 256 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಕೈರೋಪ್ರಾಕ್ಟರ್‌ಗಳೇ ಮಾಡಿದ ಮ್ಯಾನಿಪುಲೇಶನ್‌ನ ಪ್ರಮಾಣವನ್ನು ಅಳೆಯಿತು: ಆರು ವಾರದಲ್ಲಿ 0, 6, 12, 18 ಸಲ. 18 ಸಲ ಮಾಡಿಸಿಕೊಂಡವರ ತಲೆನೋವಿನ ದಿನಗಳು ಅರ್ಧಕ್ಕೆ ಇಳಿದವು. ಬರೀ ಹಗುರ ಮಸಾಜ್ ಪಡೆದವರಿಗೆ ಹೋಲಿಸಿದರೆ ತಿಂಗಳಿಗೆ ಸುಮಾರು ಮೂರು ದಿನ ಹೆಚ್ಚು ಉಳಿತಾಯ. ಮೂರು ದಿನ ಚಿಕ್ಕದಲ್ಲ, ಆದರೆ ಪವಾಡವೂ ಅಲ್ಲ. ಹೊಸದುರ್ಗದಿಂದ ದಾವಣಗೆರೆಗೆ ವಾರಕ್ಕೆ ಮೂರು ಸಲ ಬಸ್ಸು ಹತ್ತಿ, ಮೂರು ದಿನದ ಕೂಲಿ ಬಿಟ್ಟು ಬರುವವರಿಗೆ ಈ ಲೆಕ್ಕವನ್ನು ಮೊದಲೇ ಬಿಡಿಸಿ ಹೇಳುವುದು ಚಿಕಿತ್ಸಕರ ಧರ್ಮ. ದೂರದಿಂದ ಬರುವವರಿಗೆ ವ್ಯಾಯಾಮವನ್ನು ಚೆನ್ನಾಗಿ ಕಲಿಸಿ, ಕೈಚಿಕಿತ್ಸೆಯನ್ನು ವಾರಕ್ಕೊಂದಕ್ಕೆ ಇಳಿಸುವುದು ಹೆಚ್ಚು ನ್ಯಾಯ ಎಂದು ನಾವು ತಿಳಿದಿದ್ದೇವೆ.

ರಕ್ತನಾಳದ ಎಚ್ಚರ

ಮಿದುಳಿಗೆ ರಕ್ತ ಒಯ್ಯುವ ನಾಲ್ಕು ನಾಳಗಳಲ್ಲಿ ಎರಡು, ಅಂದರೆ ವರ್ಟಿಬ್ರಲ್ ಅಪಧಮನಿಗಳು, ಕತ್ತಿನ ಮೂಳೆಗಳ ತೂತುಗಳ ಮೂಲಕವೇ ಮೇಲೇರುತ್ತವೆ. ಅಟ್ಲಾಸ್ ಬಳಿ ಅವು ಸುತ್ತಿ ಬಳಸಿ ತಲೆಬುರುಡೆಯೊಳಗೆ ನುಗ್ಗುತ್ತವೆ. ತಲೆ ಪೂರ್ತಿ ತಿರುಗಿದಾಗ ಜಗ್ಗುವುದು ಅದೇ ಜಾಗ. ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಚೂರೊಂದು ಮಿದುಳಿಗೆ ಹಾರಿ ಪಾರ್ಶ್ವವಾಯು ಆಗಬಹುದು. ಕತ್ತಿನ ಮ್ಯಾನಿಪುಲೇಶನ್ ನಂತರ ಹೀಗಾಗುವುದು ಅಪರೂಪ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2014ರಲ್ಲಿ ಈ ಬಗ್ಗೆ ಹೇಳಿಕೆ ಹೊರಡಿಸಿ, ಸಂಭವ ಕಡಿಮೆಯಿದ್ದರೂ ರೋಗಿಗೆ ಮುಂಚಿತವಾಗಿ ತಿಳಿಸಬೇಕೆಂದಿದೆ. ಇದರಲ್ಲೊಂದು ಸಿಕ್ಕೂ ಇದೆ. ನಾಳ ತಾನಾಗಿಯೇ ಹರಿಯಲು ಶುರುವಾದಾಗ ಅದರ ಮೊದಲ ಲಕ್ಷಣವೇ ಕತ್ತುನೋವು, ತಲೆನೋವು. ಅದನ್ನು ಸ್ನಾಯು ಹಿಡಿದದ್ದೆಂದು ತಿಳಿದು ಚಿಕಿತ್ಸೆಗೆ ಬರುವವರಿರುತ್ತಾರೆ. ಅಂಥ ಕತ್ತನ್ನು ತಿರುವಿದರೆ ಅನಾಹುತ. ಹಾಗಾಗಿ ರೋಗಿ "ಈ ಥರದ ನೋವು ಯಾವತ್ತೂ ಬಂದಿರಲಿಲ್ಲ" ಎಂದರೆ ಕೈ ಹಿಂದಕ್ಕೆ ತೆಗೆಯಬೇಕು.

ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ಚಿಂತೆ ಕಟಿಂಗ್ ಶಾಪಿನದು. ಕ್ಷೌರ ಮುಗಿದ ಮೇಲೆ ತಲೆಗೆ ಎಣ್ಣೆ ತಟ್ಟಿ, ಗಲ್ಲ ಹಿಡಿದು ಎರಡೂ ಬದಿಗೆ ಲಟಕ್ಕೆನಿಸುವ ರೂಢಿ ಇದೆ. ಯಾವ ಪರೀಕ್ಷೆಯೂ ಇಲ್ಲದೆ, ಪೂರ್ತಿ ತಿರುವಿ, ಜೋರಾಗಿ ಎಳೆಯುವ ಈ ಕ್ರಮದಲ್ಲಿ ಕೀಲಿಗೂ ನಾಳಕ್ಕೂ ರಕ್ಷಣೆಯಿಲ್ಲ. 2024ರಲ್ಲಿ ಪಕ್ಕದ ಬಳ್ಳಾರಿಯ ಯುವಕನೊಬ್ಬ ಹೀಗೆ ಕತ್ತು ತಿರುವಿಸಿಕೊಂಡ ನಂತರ ಪಾರ್ಶ್ವವಾಯುವಿಗೆ ಒಳಗಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. "ಕತ್ತು ಬೇಡಣ್ಣ, ತಲೆಗಷ್ಟೇ ಮಾಡು" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಯಾರ ಕತ್ತನ್ನೂ ತಿರುವಬಾರದ ಸಂದರ್ಭಗಳಿವೆ. ರುಮಟಾಯ್ಡ್ ಸಂಧಿವಾತದಲ್ಲಿ ಅಟ್ಲಾಸನ್ನು ಹಿಡಿದಿಡುವ ಕಟ್ಟು ಸಡಿಲಾಗಿರಬಹುದು. ಮೂಳೆ ಟೊಳ್ಳಾದವರು, ವರ್ಷಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಕ್ಯಾನ್ಸರ್ ಇದ್ದವರು, ಇತ್ತೀಚೆಗೆ ಬೈಕಿನಿಂದ ಬಿದ್ದವರು ಇದೇ ಸಾಲಿಗೆ ಬರುತ್ತಾರೆ. ಸಿಡಿಲು ಬಡಿದಂತೆ ಒಮ್ಮೆಗೇ ತಾರಕಕ್ಕೇರಿದ ತಲೆನೋವು, ಜ್ವರದ ಜೊತೆ ಕತ್ತು ಬಗ್ಗದಿರುವುದು, ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವು, ಕೆಮ್ಮಿದಾಗ ಮುಕ್ಕಿದಾಗ ಸಿಡಿಯುವುದು, ಗರ್ಭಿಣಿಯ ಹೊಸ ತಲೆನೋವು ಇವೆಲ್ಲ ವೈದ್ಯರ ಹತ್ತಿರ ಹೋಗಬೇಕಾದವು, ಕೈಚಿಕಿತ್ಸೆಗಲ್ಲ.

ಚಿಕಿತ್ಸೆಯ ನಂತರ ಒಂದೆರಡು ದಿನ ಕತ್ತು ಸ್ವಲ್ಪ ನೋಯುವುದು, ಆಯಾಸವೆನಿಸುವುದು ಸಹಜ. ಆದರೆ ತಲೆಸುತ್ತು ನಿಲ್ಲದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲಾಗದಿದ್ದರೆ, ಒಂದು ರೆಪ್ಪೆ ಜೋತುಬಿದ್ದರೆ, ಮುಖ ಅಥವಾ ಕೈಕಾಲು ಜೋಮು ಹಿಡಿದರೆ, ನಡಿಗೆ ತಪ್ಪಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ತಾಸು. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಮೊಳಕಾಲ್ಮೂರಿನಂಥ ಗಡಿ ತಾಲ್ಲೂಕಿನವರು ಜಿಲ್ಲಾಕೇಂದ್ರವೇ ಆಗಬೇಕೆಂದು ಕಾಯದೆ, ಬಳ್ಳಾರಿ ಹತ್ತಿರವಾದರೆ ಅಲ್ಲಿಗೇ ಹೊರಡುವುದು ಮೇಲು.

ಮನೆಯಲ್ಲಿ ಮಾಡುವ ಕೆಲಸ

ಕತ್ತಿನ ಮುಂಭಾಗದಲ್ಲಿ, ಗಂಟಲಿನ ಹಿಂದೆ, ಮೂಳೆಗಂಟಿಕೊಂಡ ಆಳದ ಸ್ನಾಯುಗಳಿವೆ. ತಲೆಯನ್ನು ನೆಟ್ಟಗೆ ಹಿಡಿಯುವುದು ಇವುಗಳ ಕೆಲಸ. ಕತ್ತಿನ ತಲೆನೋವಿನವರಲ್ಲಿ ಇವು ಸೋತಿರುತ್ತವೆ, ಇವುಗಳ ಬದಲು ಕಿವಿಯ ಹಿಂದಿನಿಂದ ಎದೆಗೆ ಇಳಿಯುವ ಹಗ್ಗದಂಥ ಹೊರಸ್ನಾಯು ದುಡಿದು ದಣಿಯುತ್ತದೆ. ವ್ಯಾಯಾಮದ ಗುರಿ ಆಳದ ಸ್ನಾಯುವನ್ನು ಎಬ್ಬಿಸುವುದು. ಇದಕ್ಕೆ ಬಲ ಬೇಡ, ನಾಜೂಕು ಬೇಕು.

ಅಂಗಾತ ಮಲಗಿ, ಮಂಡಿ ಮಡಿಸಿ. ದಿಂಬು ಬೇಡ, ತಲೆ ಹಿಂದಕ್ಕೆ ಬಾಗಿದರೆ ಮಾತ್ರ ಹಿಂದಲೆಯ ಕೆಳಗೆ ಮಡಿಸಿದ ಟವೆಲ್ ಇಡಿ. ಹಲ್ಲು ಕಚ್ಚಬೇಡಿ, ನಾಲಿಗೆ ಅಂಗುಳಕ್ಕೆ ತಾಗಿರಲಿ. ಹಿಂದಲೆಯನ್ನು ನೆಲದಿಂದ ಎತ್ತದೆ, ಹೂಂ ಎಂದು ಒಪ್ಪಿಗೆ ಸೂಚಿಸುವಷ್ಟೇ ಗಲ್ಲವನ್ನು ಕೆಳಗಿಳಿಸಿ. 10 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ ಎರಡು ಹೊತ್ತು, ಕನಿಷ್ಠ ಆರು ವಾರ. ಒಂದು ಕೈಯ ಬೆರಳನ್ನು ಕತ್ತಿನ ಮುಂದಿನ ಹೊರಸ್ನಾಯುವಿನ ಮೇಲೆ ಇಟ್ಟಿರಿ. ಅದು ಗಟ್ಟಿಯಾಗಿ ಎದ್ದರೆ ನೀವು ಹೆಚ್ಚು ಬಲ ಹಾಕುತ್ತಿದ್ದೀರಿ ಎಂದರ್ಥ, ಚಲನೆಯನ್ನು ಅರ್ಧಕ್ಕೆ ಇಳಿಸಿ. ಉಸಿರು ಕಟ್ಟಿದರೂ ತಪ್ಪೇ. ಕ್ಲಿನಿಕ್ಕಿನಲ್ಲಿ ಕತ್ತಿನ ಕೆಳಗೆ ಗಾಳಿಚೀಲವಿಟ್ಟು, ಅದರ ಒತ್ತಡವನ್ನು 20 ಎಂಎಂ ಪಾದರಸದಿಂದ ಶುರುಮಾಡಿ, 22, 24 ಎಂದು ಎರಡೆರಡೇ ಏರಿಸಿ 30ರವರೆಗೆ ಒಯ್ಯುತ್ತಾರೆ. ಮೊದಲ ವಾರದಲ್ಲಿ 24 ದಾಟದವರೇ ಹೆಚ್ಚು, ಅವಸರ ಬೇಡ. ಜಿಮ್ಮಿನಲ್ಲಿ ಮಾಡುವಂತೆ ತಲೆ ಎತ್ತಿ ಹಿಡಿಯುವ ವ್ಯಾಯಾಮದಿಂದ ಹೊರಸ್ನಾಯುವೇ ಬಲವಾಗಿ, ತಲೆನೋವು ಹೆಚ್ಚಿದ್ದೂ ಉಂಟು.

ಇದರ ಜೊತೆ ಕೂತಲ್ಲೇ ಹೆಗಲ ಹಲಗೆಗಳನ್ನು ಮೆಲ್ಲಗೆ ಹಿಂದಕ್ಕೂ ಕೆಳಕ್ಕೂ ಎಳೆದು 10 ಸೆಕೆಂಡು ಹಿಡಿಯುವುದು. ಅಟ್ಲಾಸ್-ಆಕ್ಸಿಸ್ ಬಿಗಿತವಿದ್ದವರಿಗೆ ಟವೆಲಿನ ಅಂಚನ್ನು ಕತ್ತಿನ ಹಿಂದೆ ಹಾಕಿ ಮುಂದಕ್ಕೆ ಎಳೆಯುತ್ತ ತಲೆ ತಿರುಗಿಸುವ ಒಂದು ಉಪಾಯವಿದೆ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ಬ್ರಯನ್ ಮಲ್ಲಿಗನ್ ರೂಪಿಸಿದ ಕ್ರಮದಿಂದ ಬಂದದ್ದು, ಸರಿಯಾಗಿ ಮಾಡಿದರೆ ಒಳ್ಳೆಯ ಫಲ ಕೊಡುತ್ತದೆ. ಅಂಚು ಎಲ್ಲಿ ಕೂರಬೇಕು, ಯಾವ ಕೈ ಎಳೆಯಬೇಕು ಎನ್ನುವುದು ಬೆರಳಗಲ ತಪ್ಪಿದರೂ ಬೇರೆ ಕೀಲಿಗೆ ಬೀಳುವುದರಿಂದ ಒಮ್ಮೆ ಎದುರಿಗೆ ಕೂತು ಕಲಿಯಲೇಬೇಕು.

ಕೆಲಸದ ರೀತಿ ಬದಲಾಗದಿದ್ದರೆ ಇದೆಲ್ಲ ಅರ್ಧ. ದೋಟಿ ಹಿಡಿದವರು ಕತ್ತೊಂದನ್ನೇ ಹಿಂದಕ್ಕೆ ಬಾಗಿಸದೆ, ಮರದಿಂದ ಒಂದೆರಡು ಹೆಜ್ಜೆ ದೂರ ನಿಂತು, ಎದೆಯನ್ನೂ ಹಿಂದಕ್ಕೆ ಒರಗಿಸಿ ನೋಡಿದರೆ ಮೇಲಿನ ಕೀಲಿನ ಹೊರೆ ಇಳಿಯುತ್ತದೆ. ಸುಲಿಯುವವರು, ನೇಯುವವರು, ಹೊಲಿಯುವವರು ಅರ್ಧ ತಾಸಿಗೊಮ್ಮೆ ಎದ್ದು ಒಂದು ನಿಮಿಷ ಅಡ್ಡಾಡಲಿ. ಕೆಲಸದ ವಸ್ತುವನ್ನು ನಾಲ್ಕು ಬೆರಳು ಎತ್ತರಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಮಗ್ಗುಲಾಗಿ ಮಲಗುವಾಗ ಮೂಗು ಎದೆಯ ನಡುಗೆರೆಗೆ ನೇರವಾಗಿರುವಷ್ಟು ದಿಂಬು ಇರಲಿ. ಬೋರಲು ಮಲಗಿದರೆ ರಾತ್ರಿಯಿಡೀ ಕತ್ತು ಒಂದೇ ಕಡೆ ತಿರುಗಿರುತ್ತದೆ, ಅದನ್ನು ಬಿಡಬೇಕು.

ಯಾರ ಹತ್ತಿರ, ಎಷ್ಟು ದಿನ

ಭಾರತದಲ್ಲಿ ಕೈರೋಪ್ರಾಕ್ಟಿಕ್ ವೃತ್ತಿಯನ್ನು ನಿಯಂತ್ರಿಸುವ ಪ್ರತ್ಯೇಕ ಕಾನೂನುಬದ್ಧ ಮಂಡಳಿ ಇಲ್ಲ. ವಾರಾಂತ್ಯದ ಶಿಬಿರದಲ್ಲಿ ಕಲಿತವರೂ ಫಲಕ ಹಾಕಿಕೊಳ್ಳಬಹುದಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ 2005ರ ಮಾರ್ಗಸೂಚಿಯಲ್ಲಿ ಪೂರ್ಣ ತರಬೇತಿಗೆ ಕನಿಷ್ಠ 4200 ತಾಸು, ಅದರಲ್ಲಿ 1000 ತಾಸು ಮೇಲ್ವಿಚಾರಣೆಯ ಕ್ಲಿನಿಕ್ ಕೆಲಸ ಇರಬೇಕೆಂದು ಹೇಳಿದೆ. ಎಲ್ಲಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳಲು ಸಂಕೋಚ ಬೇಡ. ಫಿಸಿಯೋಥೆರಪಿ 2021ರ ಕೇಂದ್ರ ಕಾಯ್ದೆಯಡಿ ಬರುವ ವೃತ್ತಿ. ಅದರ ಪದವಿಯಾದ ಬಿಪಿಟಿ ಓದಿ, ಕೈಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಪಡೆದವರು ಮೇಲೆ ಹೇಳಿದ ಪರೀಕ್ಷೆ, ಮೊಬಿಲೈಸೇಶನ್, ವ್ಯಾಯಾಮ ಎಲ್ಲವನ್ನೂ ಮಾಡಬಲ್ಲರು. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಮೊದಲು ಹುಡುಕಬೇಕಾದದ್ದು ಇಂಥವರನ್ನೇ. ಮ್ಯಾನಿಪುಲೇಶನ್ ಬೇಡ, ಮೊಬಿಲೈಸೇಶನ್ ಸಾಕು ಎನ್ನುವ ಹಕ್ಕು ರೋಗಿಗೆ ಯಾವಾಗಲೂ ಇದೆ. ಅದಕ್ಕೆ ಮುಖ ಗಂಟಿಕ್ಕುವವರು ನಿಮಗೆ ತಕ್ಕವರಲ್ಲ. ಮೊದಲ ದಿನವೇ ನಲವತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕೇಳುವವರಿಗೂ ಕೊಡಬೇಡಿ.

ಚಿಕಿತ್ಸೆಗೆ ಒಂದು ವಾರ ಮುಂಚೆಯೇ, ಹಾಲಿನ ಲೆಕ್ಕ ಬರೆಯುವ ಅದೇ ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನ, ಎಷ್ಟು ತಾಸು, ಹತ್ತಕ್ಕೆ ಎಷ್ಟು ನೋವು, ಎಷ್ಟು ಮಾತ್ರೆ ಎಂದು ಗುರುತು ಹಾಕಲು ಶುರುಮಾಡಿ. ನಾಲ್ಕೈದು ಭೇಟಿಯ ನಂತರ ಕ್ಯಾಲೆಂಡರನ್ನೂ ಕತ್ತು ತಿರುಗುವ ಡಿಗ್ರಿಯನ್ನೂ ಒಟ್ಟಿಗೆ ನೋಡಬೇಕು. ಎರಡೂ ಸುಧಾರಿಸಿದ್ದರೆ ಮುಂದುವರಿಸಿ, ಭೇಟಿಗಳನ್ನು ದೂರ ಮಾಡುತ್ತ ಬನ್ನಿ. ಕತ್ತು ಸರಾಗವಾಗಿ ತಿರುಗುತ್ತಿದ್ದರೂ ತಲೆನೋವು ಕದಲದಿದ್ದರೆ ಕಾರಣ ಕತ್ತಿನಲ್ಲಿಲ್ಲ ಎನ್ನುವ ಸೂಚನೆ ಅದು, ನರರೋಗ ತಜ್ಞರ ಹತ್ತಿರ ಹೋಗಬೇಕು.

ತಲೆನೋವು, ಕತ್ತಿನ ಬಿಗಿತ ಎರಡೂ ಕದಲದಿದ್ದರೆ, ಮತ್ತು ಲಕ್ಷಣವೆಲ್ಲ ಕತ್ತಿನ ಕಡೆಗೇ ಬೆರಳು ತೋರಿಸಿದರೆ, ನೋವು ನಿವಾರಣಾ ತಜ್ಞರು ಎಕ್ಸ್‌ರೇ ಪರದೆ ನೋಡುತ್ತ ಅನುಮಾನದ ಕೀಲಿನ ನರಕ್ಕೆ ಮರಗಟ್ಟಿಸುವ ಔಷಧ ಕೊಡುತ್ತಾರೆ. ಆ ಔಷಧದ ಹೊತ್ತಿನಲ್ಲಿ ತಲೆನೋವು ಪೂರ್ತಿ ಹೋದರೆ ರೋಗದ ಗುರುತು ಖಚಿತ. ಒಂದೇ ಸಲಕ್ಕೆ ನಂಬದೆ ಇನ್ನೊಂದು ದಿನ ಮತ್ತೆ ಮಾಡಿ ನೋಡುವುದು ಕ್ರಮ. ಎರಡು ಸಲವೂ ಹಾಗೇ ಆದರೆ ರೇಡಿಯೋ ತರಂಗದ ಬಿಸಿಯಿಂದ ಆ ಸಣ್ಣ ನರವನ್ನು ಸುಡುವ ಚಿಕಿತ್ಸೆ ಇದೆ. ಹಿಂದಲೆಯ ಒಂದು ಭಾಗ ಕೆಲವು ವಾರ ಜೋಮು ಹಿಡಿದಂತಿರುತ್ತದೆ. ನರ ತಿಂಗಳುಗಳ ನಂತರ ಮತ್ತೆ ಬೆಳೆಯುತ್ತದೆ, ಅದರ ಜೊತೆ ನೋವು ಮರಳಿದರೆ ಚಿಕಿತ್ಸೆಯನ್ನು ಇನ್ನೊಮ್ಮೆ ಮಾಡಬಹುದು. ನಡುವಿನ ಆ ನೋವಿಲ್ಲದ ತಿಂಗಳುಗಳಲ್ಲಿ ಗಲ್ಲ ಇಳಿಸುವ ವ್ಯಾಯಾಮವನ್ನು ಬಿಡದೆ ಮಾಡಬೇಕು.